ಕಹಿಯ ಅಳತೆ

ಚಿಕ್ಕಮಗಳೂರಿನ ರೊಬಸ್ಟಾ ಮಾರಲು ಇಟಲಿಗೆ ಹೋಗಿಬರುವುದು ನನ್ನ ಕಸುಬು. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವವರು ಇಟಲಿಯವರೇ. ಹಗಲೆಲ್ಲ ಕಾಫಿಯ ರುಚಿ ನೋಡಿ ನಾಲಿಗೆ ಕಹಿಗೆ ಒಗ್ಗಿಹೋಗಿರುತ್ತದೆ. ಸಂಜೆಗೂ ಬೇಕೆನಿಸುವುದು ಕಹಿಯೇ: ಒಂದು ನೆಗ್ರೋನಿ.

ಜಿನ್, ಸಿಹಿ ವರ್ಮೂತ್, ಕಹಿಯಾದ ಕೆಂಪು ಕಂಪಾರಿ, ಮೂರೂ 30 ಮಿ.ಲೀ. ಐಸ್ ತುಂಬಿದ ಗಿಡ್ಡ ಗ್ಲಾಸಿಗೆ ಸುರಿದು, ಕಲಕಿ, ಕಿತ್ತಳೆಯ ಬಿಲ್ಲೆ ಇಟ್ಟರೆ ಮುಗಿಯಿತು. ಇದರಲ್ಲಿ ಕೆಡಿಸಲು ಏನಿದೆ ಅಂತೀರಾ? ಅದನ್ನೂ ಕೆಡಿಸುವವರಿದ್ದಾರೆ, ಇಟಲಿಯಲ್ಲೇ ಇದ್ದಾರೆ.

ಕೆಡುವುದು ಹೆಚ್ಚಾಗಿ ವರ್ಮೂತ್‌ನಿಂದ. ಅದು ಬೇರು, ತೊಗಟೆ, ಗಿಡಮೂಲಿಕೆಗಳ ಸತ್ವ ಇಳಿಸಿ, ಸ್ವಲ್ಪ ಸ್ಪಿರಿಟ್ ಬೆರೆಸಿದ ವೈನ್. ಮುಚ್ಚಳ ತೆಗೆದ ಮೇಲೆ ಗಾಳಿ ತಾಗಿ ಪರಿಮಳ ಹಾರಿಹೋಗುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಒಂದೆರಡು ತಿಂಗಳು ತಾಳೀತು. ಹಾಗಾಗಿ ಯಾವ ಬಾರಿಗೆ ಹೋದರೂ ಆ ಬಾಟಲಿ ಎಲ್ಲಿದೆ ಎಂದು ಮೊದಲು ನೋಡುತ್ತೇನೆ. ಫ್ರಿಜ್ಜಿನಿಂದ ತೆಗೆದರೆ ಕೂರುತ್ತೇನೆ. ಕುತ್ತಿಗೆಗೆ ಧೂಳು ಮೆತ್ತಿಕೊಂಡು ಕಿಟಕಿಯ ಬಿಸಿಲಿನಲ್ಲಿದ್ದರೆ ಬಿಯರ್ ಕೇಳುತ್ತೇನೆ.

ನೆಗ್ರೋನಿಯ ತವರು ಫ್ಲಾರೆನ್ಸ್. 1919ರಲ್ಲಿ ಕೌಂಟ್ ಕಮಿಲ್ಲೊ ನೆಗ್ರೋನಿ ತಾನು ಕುಡಿಯುತ್ತಿದ್ದ, ಕಂಪಾರಿ, ವರ್ಮೂತ್, ಸೋಡಾ ಬೆರೆಸಿದ ಅಮೆರಿಕಾನೊಗೆ ಸೋಡಾ ಬದಲು ಜಿನ್ ಹಾಕಿಸಿಕೊಂಡ, ಕಾಫೆ ಕಸೋನಿಯ ಫೋಸ್ಕೊ ಸ್ಕಾರ್ಸೆಲ್ಲಿ ಅದನ್ನು ಬೆರೆಸಿಕೊಟ್ಟ ಎನ್ನುವುದು ಅಲ್ಲಿನವರು ಹೇಳುವ ಕಥೆ. ಆರ್ನೋ ನದಿಯಾಚೆಯ ಒಂದು ಸಣ್ಣ ಬಾರಿನಲ್ಲಿ ವಯಸ್ಸಾದವರೊಬ್ಬರು ಅದನ್ನು ಮಾಡುವುದನ್ನು ಕೌಂಟರಿಗೆ ಆತುಕೊಂಡು ನೋಡಿದೆ. ದಪ್ಪ ದಪ್ಪ ಐಸ್ ಗಡ್ಡೆಗಳನ್ನು ಗ್ಲಾಸಿಗೆ ಹಾಕಿ ಮೊದಲು ಬರೀ ಐಸನ್ನೇ ತಿರುಗಿಸಿದರು. ಗ್ಲಾಸ್ ತಣ್ಣಗಾದ ಮೇಲೆ ತಳದಲ್ಲಿ ಇಳಿದಿದ್ದ ನೀರನ್ನು ಚೆಲ್ಲಿದರು. ಆಮೇಲೆ ಅಳತೆಯ ಲೋಟದಿಂದ ಮೂರನ್ನೂ ಸುರಿದು, ಸದ್ದಾಗದಂತೆ ಕಲಕಿದರು. ಸ್ವಲ್ಪ ನೀರು ಸೇರಲೇಬೇಕು, ಇಲ್ಲದಿದ್ದರೆ ಗಂಟಲು ಉರಿಯುತ್ತದೆ. ಆದರೆ ಎಷ್ಟು ಸೇರಬೇಕೆಂದು ತೀರ್ಮಾನಿಸುವುದು ಅವರ ಕೈ. ತೆಳ್ಳಗಿನ, ಆಗಲೇ ಬೆವರುತ್ತಿರುವ ಐಸ್ ಹಾಕಿದರೆ ಆ ಹಿಡಿತ ತಪ್ಪುತ್ತದೆ. ಐದೇ ನಿಮಿಷಕ್ಕೆ ಕೆಂಪು ನೀರು.

ಜೊತೆಗಿದ್ದ ಸಕಲೇಶಪುರದ ಗೆಳೆಯ ಒಂದು ಗುಟುಕು ಕುಡಿದು ಮುಖ ಹಿಂಡಿದ. "ಇದು ಅಜ್ಜಿ ಮಾಡ್ತಿದ್ದ ಕಷಾಯ ಅಲ್ವೇನೋ ಮಾರಾಯ!" ಗಿಡಮೂಲಿಕೆಯ ಲೆಕ್ಕದಲ್ಲಿ ಅವನು ಹೇಳಿದ್ದು ಸರಿಯೇ. ಕಂಪಾರಿಯ ಆ ಕೆಂಪು ಬಹುಕಾಲ ಕೊಚಿನೀಲ್ ಎಂಬ ಕೀಟದಿಂದ ಬರುತ್ತಿತ್ತು ಎಂದೆ. ಅಪ್ಪಟ ಸಸ್ಯಾಹಾರಿ ಅವನು, ಗ್ಲಾಸನ್ನು ಕೆಳಗಿಟ್ಟ. ಈಗ ಬಿಟ್ಟಿದ್ದಾರಂತೆ ಎಂದ ಮೇಲೆ ಮತ್ತೆ ಎತ್ತಿಕೊಂಡ. ಜೊತೆಗೆ ಕೊಟ್ಟಿದ್ದ ಆಲಿವ್, ಚಿಪ್ಸ್ ಖಾಲಿ ಮಾಡಿದವನೂ ಅವನೇ. ಒಳ್ಳೆಯದೇ ಆಯಿತು, ಇದು ಖಾಲಿ ಹೊಟ್ಟೆಗೆ ಹೇಳಿಸಿದ್ದಲ್ಲ. ಮೂರೂ ಮದ್ಯವೇ, ಸೋಡಾ ಇಲ್ಲ, ಜ್ಯೂಸ್ ಇಲ್ಲ.

ಮಿಲಾನ್‌ನ ಬಾರ್ ಬಾಸ್ಸೊದಲ್ಲಿ ಇದರ ತಮ್ಮನೊಬ್ಬನಿದ್ದಾನೆ, ನೆಗ್ರೋನಿ ಸ್ಬಾಲ್ಯಾತೊ. ಅಲ್ಲಿನ ಮಿರ್ಕೊ ಸ್ಟೊಕ್ಕೆಟ್ಟೊ ಜಿನ್ ಎಂದುಕೊಂಡು ಗುಳ್ಳೆ ಬರುವ ವೈನ್ ಸುರಿದುಬಿಟ್ಟರಂತೆ. ಅದಕ್ಕೆ ಅಭಿಮಾನಿಗಳು ಬಹಳ, ನನಗೆ ಮಾತ್ರ ಸಪ್ಪೆ. ಮಿಲಾನ್‌ನಲ್ಲೂ ಜಿನ್ ಹಾಕಿದ್ದನ್ನೇ ಕೇಳುತ್ತೇನೆ. ಮರುದಿನ ಬೆಳಗ್ಗೆಯೇ ಕಾಫಿಯ ರುಚಿ ನೋಡುವುದಿದ್ದರೆ ಮಾತ್ರ ಸೋಡಾದ ಅಮೆರಿಕಾನೊ, ಅದೂ ಒಂದೇ.