ಸೊಮಾಲಿಯದ ಕಡಲ್ಗಳ್ಳತನ: ಕಾರಣವೂ ಪರಿಹಾರವೂ

2008ನೆಯ ಇಸವಿಯ ನವೆಂಬರ್ ತಿಂಗಳಿನಲ್ಲಿ, ಇಪ್ಪತ್ತು ಲಕ್ಷ ಪೀಪಾಯಿಗಳಷ್ಟು ಕಚ್ಚಾ ತೈಲವನ್ನು ಒಡಲಿನಲ್ಲಿ ತುಂಬಿಕೊಂಡು ಸಾಗುತ್ತಿದ್ದ ‘ಸಿರಿಯಸ್ ಸ್ಟಾರ್’ ಎಂಬ ಸೌದಿ ಅರೇಬಿಯದ ತೈಲನೌಕೆಯನ್ನು, ಕೀನ್ಯದ ಮೊಂಬಾಸಾ ಪಟ್ಟಣದಿಂದ ಸುಮಾರು 450 ನಾಟಿಕಲ್ ಮೈಲಿ ದೂರದ ನಡುಗಡಲಿನಲ್ಲಿ, ಸಣ್ಣ ದೋಣಿಗಳಲ್ಲಿ ಬಂದ ಕೆಲವೇ ಮಂದಿ ಶಸ್ತ್ರಧಾರಿಗಳು ಹತ್ತಿ ವಶಪಡಿಸಿಕೊಂಡರು. 330 ಮೀಟರು ಉದ್ದದ ಆ ಮಹಾನೌಕೆಯನ್ನು ಅವರು ಸೊಮಾಲಿಯದ ಹರಾರ್‌ಧೀರೆ ಎಂಬ ಊರಿನ ಸಮೀಪಕ್ಕೆ ಒಯ್ದು ಲಂಗರು ಹಾಕಿದರು. ತೈಲವನ್ನು ಮುಟ್ಟಲಿಲ್ಲ, ಅದನ್ನು ಮಾರುವ ಉಪಾಯವೂ ಅವರಲ್ಲಿರಲಿಲ್ಲ. ಹಡಗನ್ನೂ ಅದರಲ್ಲಿದ್ದ ಇಪ್ಪತ್ತೈದು ಮಂದಿ ನಾವಿಕರನ್ನೂ ಒತ್ತೆಯಿಟ್ಟುಕೊಂಡು, ಸುಮಾರು ಎಂಟು ವಾರಗಳ ಚೌಕಾಸಿಯ ತರುವಾಯ, ಆಕಾಶದಿಂದ ಪ್ಯಾರಾಚ್ಯೂಟಿನ ಮೂಲಕ ಇಳಿದ ಹಣವನ್ನು ಪಡೆದು ಬಿಟ್ಟುಕೊಟ್ಟರು.

ಅಷ್ಟು ದೊಡ್ಡ ಹಡಗನ್ನು ಅವರು ಹತ್ತಿದ್ದು ಹೇಗೆಂದು ಲೋಕವೆಲ್ಲ ಅಚ್ಚರಿಪಟ್ಟಿತು. ಆದರೆ ಏಣಿಯೂ ಬಂದೂಕೂ ಎದೆಗಾರಿಕೆಯೂ ಇದ್ದಲ್ಲಿ ಹತ್ತುವುದು ಒಂದು ಗಳಿಗೆಯ ಕಾರ್ಯ. ಹತ್ತಿದ ಮೇಲೆ ಅಂಥ ಹಡಗನ್ನು ಎಂಟು ವಾರಗಳ ಪರ್ಯಂತ ಒಂದು ತೀರದ ಎದುರಿಗೆ ಬಹಿರಂಗವಾಗಿ ನಿಲ್ಲಿಸಿಕೊಂಡು, ಅದರಲ್ಲಿದ್ದವರಿಗೆ ಅನ್ನನೀರುಗಳನ್ನು ಒದಗಿಸುತ್ತ, ಕಾವಲು ಬದಲಿಸುತ್ತ, ನಿಶ್ಚಿಂತೆಯಿಂದ ಕಾದಿರುವುದು ಹೇಗೆ ಸಾಧ್ಯವಾಯಿತೆಂಬುದೇ ಹೆಚ್ಚಿನ ಪ್ರಶ್ನೆಯೆಂದು ನನಗೆ ತೋರುತ್ತದೆ. ಈ ಪ್ರಶ್ನೆಯನ್ನು ಬಿಟ್ಟು ಕಡಲ್ಗಳ್ಳತನದ ಕಾರಣವನ್ನು ಹುಡುಕಹೊರಟವರು ಕಡಲಿನಲ್ಲಿಯೇ ಸುತ್ತುತ್ತಿರಬೇಕಾಗುತ್ತದೆ.

ಕಾರಣದ ವಿಷಯದಲ್ಲಿ ಬಹುಕಾಲದಿಂದ ನಡೆದುಬಂದಿರುವ ವಾದ ಹೀಗಿದೆ. 1991ರ ಜನವರಿಯಲ್ಲಿ ಸಿಯಾದ್ ಬರ್ರೆಯ ಆಳ್ವಿಕೆ ಕುಸಿದುಬಿದ್ದು, ಮೂರು ಸಾವಿರ ಕಿಲೋಮೀಟರಿಗೂ ಮಿಕ್ಕ ಸೊಮಾಲಿಯದ ಕರಾವಳಿಗೆ ಕಾಯುವವರೇ ಇಲ್ಲದಂತಾದಾಗ, ಯೂರೋಪಿನಿಂದಲೂ ಏಷ್ಯದಿಂದಲೂ ಬಂದ ಟ್ರಾಲರ್‌ಗಳು ಅಲ್ಲಿಯ ಮತ್ಸ್ಯಸಂಪತ್ತನ್ನು ಯಾರ ಅಪ್ಪಣೆಯೂ ಇಲ್ಲದೆ ಬಾಚಿಕೊಂಡು ಹೋಗತೊಡಗಿದವು. ಸಣ್ಣ ಬೆಸ್ತರ ಬಲೆಗಳನ್ನು ಹರಿದವು. ವಿಷಮಯವಾದ ಕಸವನ್ನು ಆ ನೀರಿನಲ್ಲಿ ಸುರಿಯಲಾಯಿತೆಂಬ ಆರೋಪವೂ ಎದ್ದು, 2004ರ ಡಿಸೆಂಬರಿನ ಸುನಾಮಿಯ ತರುವಾಯ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ವರದಿಯೊಂದರಲ್ಲಿ ಅದರ ಪ್ರಸ್ತಾಪ ಬಂದಿತು. ರಾಜ್ಯವಿಲ್ಲದ ಜನ ತಮ್ಮ ಕಡಲನ್ನು ತಾವೇ ಕಾಯಲು ಬಂದೂಕು ಹಿಡಿದರು, ಪರದೇಶದ ದೋಣಿಗಳನ್ನು ತಡೆದು ದಂಡ ವಸೂಲು ಮಾಡಿದರು, ಕಡಲ್ಗಳ್ಳತನ ಹುಟ್ಟಿದ್ದು ಈ ಆತ್ಮರಕ್ಷಣೆಯಿಂದಲೇ ಎಂಬುದು ಆ ವಾದದ ಸಾರ.

ಇದರಲ್ಲಿ ಸತ್ಯವಿದೆ, ಮತ್ತು ಆ ಸತ್ಯವನ್ನು ಶ್ರೀಮಂತ ರಾಷ್ಟ್ರಗಳು ಗಟ್ಟಿಯಾಗಿ ಹೇಳಲಿಲ್ಲವೆಂಬುದು ನ್ಯಾಯವಾದ ದೂರು. ತಮ್ಮ ವ್ಯಾಪಾರದ ಹಡಗುಗಳಿಗೆ ಆಪತ್ತು ಬಂದಾಗ ಯುದ್ಧನೌಕೆಗಳನ್ನು ಕಳುಹಿಸಿದ ದೇಶಗಳು, ಬಡವರ ಮೀನು ಕಳುವಾಗುತ್ತಿದ್ದಾಗ ಒಂದು ಗಸ್ತಿನ ದೋಣಿಯನ್ನಾದರೂ ಕಳುಹಿಸಿದವೆಂದು ಕೇಳಿದವರಿಲ್ಲ. ಆದರೂ ಈ ವಾದ ಒಂದು ಹಂತದಿಂದಾಚೆಗೆ ನಿಲ್ಲಲಾರದು. 2005ರ ಜೂನ್ ತಿಂಗಳಿನಲ್ಲಿ ಕಡಲ್ಗಳ್ಳರು ಹಿಡಿದ ‘ಸೆಮ್ಲೋ’ ಎಂಬ ಹಡಗಿನಲ್ಲಿ ಇದ್ದುದು, ಸುನಾಮಿಯಲ್ಲಿ ಸರ್ವಸ್ವವನ್ನೂ ಕಳೆದುಕೊಂಡ ಸೊಮಾಲಿಯದವರಿಗಾಗಿಯೇ ವಿಶ್ವ ಆಹಾರ ಕಾರ್ಯಕ್ರಮವು ಕಳುಹಿಸಿದ 850 ಟನ್ನು ಅಕ್ಕಿ. ತಮ್ಮವರ ಬಾಯಿಯ ತುತ್ತನ್ನು ತಡೆದು ನಿಲ್ಲಿಸಿದವರನ್ನು ಕಡಲಿನ ಕಾವಲುಗಾರರೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆ ವೇಳೆಗೆ ಕಡಲ್ಗಳ್ಳತನ ಒಂದು ವ್ಯವಹಾರವಾಗಿಬಿಟ್ಟಿದ್ದಿತು. ದೋಣಿ, ಎಂಜಿನ್, ಬಂದೂಕು, ಉಪಗ್ರಹ ದೂರವಾಣಿ ಇವುಗಳಿಗೆ ಹಣ ಹೂಡುವವರೊಬ್ಬರು; ಹಡಗು ಹತ್ತುವವರು ಇನ್ನೊಬ್ಬರು; ಅದನ್ನು ತಿಂಗಳುಗಟ್ಟಲೆ ಕಾಯುವವರು, ಅಡಿಗೆ ಮಾಡುವವರು, ಇಂಗ್ಲಿಷು ಬಲ್ಲ ಮಧ್ಯಸ್ಥರು, ಕಾವಲಿನವರು ಅಗಿಯುವ ‘ಖಾತ್’ ಸೊಪ್ಪನ್ನು ಸಾಲವಾಗಿ ಕೊಟ್ಟು ಬಿಡುಗಡೆಯ ದಿನ ಲೆಕ್ಕ ಮುರಿದುಕೊಳ್ಳುವವರು, ಹೀಗೆ ಒಂದು ಸರಪಳಿಯೇ ಬೆಳೆದಿತ್ತು. 2013ರಲ್ಲಿ ವಿಶ್ವಬ್ಯಾಂಕು ಪ್ರಕಟಿಸಿದ ಅಧ್ಯಯನದ ಪ್ರಕಾರ, 2005ರಿಂದ 2012ರವರೆಗೆ ಸಂದಾಯವಾದ ಒತ್ತೆಹಣ ಸುಮಾರು 34 ಕೋಟಿಯಿಂದ 41 ಕೋಟಿ ಡಾಲರುಗಳಷ್ಟು. ಅದರಲ್ಲಿ ನೂರಕ್ಕೆ ಮೂವತ್ತರಿಂದ ಐವತ್ತರಷ್ಟು ಪಾಲು ಹಣ ಹೂಡಿದವರ ಕೈಸೇರುತ್ತಿದ್ದಿತು. ಪ್ರಾಣವನ್ನು ಪಣವಾಗಿಟ್ಟು ಹತ್ತಿದ ಹುಡುಗನಿಗೆ ದೊರೆಯುತ್ತಿದ್ದುದು ಮೂವತ್ತು ಸಾವಿರದಿಂದ ಎಪ್ಪತ್ತೈದು ಸಾವಿರ ಡಾಲರು. ಅದರಲ್ಲಿಯೂ ಸಾಲದ ಪಾಲು ಕಳೆಯಬೇಕು. ಬೆಸ್ತರ ಕೋಪ ಈ ಸರಪಳಿಗೆ ಮೊದಲನೆಯ ಆಳುಗಳನ್ನೂ ಒಂದು ನೆವವನ್ನೂ ಒದಗಿಸಿರಬಹುದು. ಸರಪಳಿಯನ್ನು ಎಳೆದವರು ಬೆಸ್ತರಲ್ಲ.

ಇನ್ನು ಪರಿಹಾರದ ಮಾತು. 2008ರ ಜೂನ್‌ನಲ್ಲಿ ಭದ್ರತಾ ಮಂಡಳಿಯು 1816ನೆಯ ನಿರ್ಣಯದ ಮೂಲಕ ಸೊಮಾಲಿಯದ ಜಲಸೀಮೆಯೊಳಕ್ಕೂ ಹೋಗಿ ಕಳ್ಳರನ್ನು ತಡೆಯಲು ಅನುಮತಿಯಿತ್ತಿತು. ಆ ವರ್ಷ ಅಕ್ಟೋಬರಿನಿಂದ ನಮ್ಮ ನೌಕಾಪಡೆ ಏಡನ್ ಕೊಲ್ಲಿಯಲ್ಲಿ ಗಸ್ತು ತಿರುಗತೊಡಗಿತು. ಡಿಸೆಂಬರಿನಲ್ಲಿ ಯೂರೋಪಿನ ಒಕ್ಕೂಟದ ‘ಅಟಲಾಂಟಾ’ ಕಾರ್ಯಾಚರಣೆ ಆರಂಭವಾಯಿತು. ವರ್ತಕನೌಕೆಗಳು ತಮ್ಮ ಅಂಚುಗಳಿಗೆ ಮುಳ್ಳುತಂತಿ ಸುತ್ತಿಕೊಂಡವು, ಆಪತ್ತಿನಲ್ಲಿ ನಾವಿಕರೆಲ್ಲರೂ ಒಳಹೊಕ್ಕು ಬಾಗಿಲಿಕ್ಕಿಕೊಳ್ಳಲು ಭದ್ರವಾದ ಕೋಣೆಗಳನ್ನು ಮಾಡಿಕೊಂಡವು, ಬಾಡಿಗೆಯ ಸಶಸ್ತ್ರ ಕಾವಲುಗಾರರನ್ನು ಇರಿಸಿಕೊಂಡವು. ಅಂತರರಾಷ್ಟ್ರೀಯ ಸಮುದ್ರಯಾನ ಸಂಸ್ಥೆಗಳು ದಾಖಲಿಸಿದ ಲೆಕ್ಕದಂತೆ 2011ರಲ್ಲಿ 237ರಷ್ಟಿದ್ದ ಸೊಮಾಲಿ ಆಕ್ರಮಣಗಳು ಮರುವರ್ಷ 75ಕ್ಕೂ 2013ರಲ್ಲಿ 15ಕ್ಕೂ ಇಳಿದವು. ಬಂದೂಕಿನಿಂದ ಏನೂ ಆಗದೆಂದು ಹೇಳುವವರು ಈ ಇಳಿಕೆಯನ್ನು ಗಮನಿಸಬೇಕು.

ಆದರೆ ಬಂದೂಕು ತಪ್ಪು ಮಾಡದೆಯೂ ಇರಲಿಲ್ಲ. 2008ರ ನವೆಂಬರಿನಲ್ಲಿ ನಮ್ಮ ‘ತಬರ್’ ನೌಕೆಯು, ತನ್ನ ಮೇಲೆ ಗುಂಡು ಹಾರಿಸುವೆವೆಂದು ಬೆದರಿಸಿದ ಒಂದು ಕಳ್ಳನೌಕೆಯನ್ನು ಮುಳುಗಿಸಿತು. ಅದು ಕಳ್ಳರು ಅಪಹರಿಸಿದ್ದ ಥಾಯ್ ಮೀನುಗಾರಿಕೆಯ ಹಡಗೆಂದೂ, ಅದರಲ್ಲಿ ನಿರಪರಾಧಿಗಳಾದ ಬೆಸ್ತರು ಸೆರೆಯಲ್ಲಿದ್ದರೆಂದೂ ಆಮೇಲೆ ತಿಳಿದುಬಂದಿತು. 2012ರ ಫೆಬ್ರವರಿಯಲ್ಲಿ ಕೇರಳದ ಕಡಲಿನಲ್ಲಿ ‘ಎನ್ರಿಕಾ ಲೆಕ್ಸಿ’ ಎಂಬ ಇಟಲಿಯ ತೈಲನೌಕೆಯ ಮೇಲಿದ್ದ ಸೈನಿಕರು, ಕಳ್ಳರೆಂದು ಭ್ರಮಿಸಿ, ಮೀನು ಹಿಡಿಯುತ್ತಿದ್ದ ಇಬ್ಬರನ್ನು ಕೊಂದರು. ಆ ಭ್ರಮೆಗೆ ಒಂದು ಹಿನ್ನೆಲೆಯಿತ್ತು. 2010ರಲ್ಲಿ ಹಡಗು ಉದ್ಯಮದವರು ಅಪಾಯವಲಯದ ಗೆರೆಯನ್ನು ಪೂರ್ವಕ್ಕೆ 78ನೆಯ ರೇಖಾಂಶದವರೆಗೂ ಸರಿಸಿದ್ದರು. ಅಂದರೆ ಮಂಗಳೂರು, ಮಲ್ಪೆ, ಕಾರವಾರಗಳನ್ನೊಳಗೊಂಡಂತೆ ನಮ್ಮ ಪಡುವಣ ಕಡಲೆಲ್ಲವೂ, ಅಲ್ಲಿ ದಿನನಿತ್ಯ ಬಲೆ ಬೀಸುವ ದೋಣಿಗಳ ಸಮೇತ, ಶಂಕೆಯ ಕಣ್ಣಿಗೆ ಗುರಿಯಾಯಿತು. 2015ರ ಕೊನೆಗೆ ಆ ಗೆರೆ 65ನೆಯ ರೇಖಾಂಶಕ್ಕೆ ಹಿಂದೆ ಸರಿಯಿತು.

ಹಿಡಿದವರನ್ನು ಏನು ಮಾಡಬೇಕೆಂಬ ತೊಡಕು ಬೇರೆ. 1982ರ ಸಮುದ್ರ ಕಾನೂನಿನ ಒಡಂಬಡಿಕೆಯು, ಯಾವ ರಾಷ್ಟ್ರವೇ ಆಗಲಿ ತೆರೆಗಡಲಿನಲ್ಲಿ ಕಳ್ಳರನ್ನು ಹಿಡಿದು ತನ್ನ ನ್ಯಾಯಾಲಯದಲ್ಲಿ ವಿಚಾರಿಸಬಹುದೆಂದು ಹೇಳುತ್ತದೆ. ಆದರೆ ವಿಚಾರಣೆಯ ಹೊಣೆಯನ್ನು ಹೊರಲು ಬಹಳ ದೇಶಗಳು ಹಿಂಜರಿದುದರಿಂದ, ಹಿಡಿದವರ ಆಯುಧಗಳನ್ನು ಕಡಲಿಗೆಸೆದು ಅವರನ್ನು ಬಿಟ್ಟುಬಿಡುವ ರೂಢಿ ಬೆಳೆಯಿತು. ಕೀನ್ಯವೂ ಸೇಶೆಲ್ಸೂ ಒಂದಿಷ್ಟು ಹೊರೆ ಹೊತ್ತವು. ನಮ್ಮಲ್ಲಿಯಂತೂ ಇದಕ್ಕೆಂದೇ ಒಂದು ಕಾನೂನನ್ನು ಸಂಸತ್ತು ಅಂಗೀಕರಿಸಿದುದು 2022ರಲ್ಲಿ.

ಒತ್ತೆಹಣ ಕೊಡಬೇಕೆ ಕೂಡದೆ ಎಂಬ ವಾದದಲ್ಲಿ ಎರಡೂ ಕಡೆಯವರ ಮಾತು ತಲೆದೂಗುವಂಥದೇ. ಕೊಟ್ಟ ಪ್ರತಿ ಡಾಲರೂ ಮುಂದಿನ ಅಪಹರಣಕ್ಕೆ ಬಂಡವಾಳವಾಗುವುದು ನಿಜ. ಆದರೆ ‘ಆಸ್ಫಾಲ್ಟ್ ವೆಂಚರ್’ ಎಂಬ ಹಡಗಿನ ಕಥೆಯನ್ನು ಕೇಳಿದವರು ಆ ತತ್ತ್ವವನ್ನು ಸುಲಭವಾಗಿ ಉಚ್ಚರಿಸಲಾರರು. 2010ರ ಸೆಪ್ಟೆಂಬರಿನಲ್ಲಿ ಅಪಹೃತವಾದ ಅದರ ಹದಿನೈದು ಮಂದಿ ನಾವಿಕರೂ ಭಾರತೀಯರು. ಮರುವರ್ಷ ಏಪ್ರಿಲ್‌ನಲ್ಲಿ ಹಣ ಸಂದಾಯವಾಗಿ ಹಡಗು ಬಿಡುಗಡೆಯಾದಾಗ, ತಮ್ಮವರನ್ನು ಭಾರತವು ಸೆರೆಯಲ್ಲಿಟ್ಟಿರುವುದೆಂಬ ಕಾರಣದಿಂದ ಏಳು ಮಂದಿಯನ್ನು ಕಳ್ಳರು ಇಳಿಸಿಕೊಂಡರು. ಅವರು ಮನೆಯ ದಾರಿ ಕಂಡದ್ದು 2014ರ ಅಕ್ಟೋಬರಿನ ಕೊನೆಯಲ್ಲಿ. ಹಡಗಿನ ಒಡೆಯನೊಂದು ದೇಶದವನು, ಧ್ವಜವಿನ್ನೊಂದು ದೇಶದ್ದು, ವಿಮೆ ಮತ್ತೊಂದು ದೇಶದ್ದಾಗಿರುವ ಈ ಉದ್ಯಮದಲ್ಲಿ, ಸಂಬಳಕ್ಕೆ ದುಡಿಯುವ ನಾವಿಕನೊಬ್ಬನೇ ತನ್ನ ದೇಹದಿಂದ ಬೆಲೆ ತೆರುತ್ತಾನೆ. ಅಂಥವನ ಹೆಂಡತಿಮಕ್ಕಳ ಮುಂದೆ ನಿಂತು, ತತ್ತ್ವಕ್ಕಾಗಿ ಹಣ ಕೊಡುವುದಿಲ್ಲವೆಂದು ಹೇಳುವ ಅಧಿಕಾರ ನನಗಿದೆಯೆಂದು ನಾನು ಭಾವಿಸಿಲ್ಲ. ಹಣ ಕೊಡುವವರನ್ನು ದಂಡಿಸುವುದಕ್ಕಿಂತ ಆ ಹಣ ಎಲ್ಲಿಗೆ ಹರಿಯಿತೆಂದು ಬೆನ್ನಟ್ಟುವುದೇ ಧರ್ಮ. ‘ಅಫ್ವೇನೆ’ ಎಂದು ಹೆಸರಾಗಿದ್ದ ಮೊಹಮ್ಮದ್ ಅಬ್ದಿ ಹಸನ್ ಎಂಬ ನಾಯಕನನ್ನು, ಆತನ ಜೀವನದ ಮೇಲೆ ಚಲನಚಿತ್ರ ತೆಗೆಯುವರೆಂದು ನಂಬಿಸಿ ಕರೆಸಿಕೊಂಡ ಬೆಲ್ಜಿಯಂ ಪೊಲೀಸರು 2013ರಲ್ಲಿ ಬಂಧಿಸಿದರು. 2016ರಲ್ಲಿ ಇಪ್ಪತ್ತು ವರ್ಷಗಳ ಶಿಕ್ಷೆಯಾಯಿತು. ಅಂಥ ಬಂಧನಗಳು ಬೆರಳೆಣಿಕೆಗೂ ಸಾಲವು.

ಈಗ ತೀರದ ಪ್ರಶ್ನೆಗೆ ಬರೋಣ. ಹಿಡಿದ ಹಡಗನ್ನು ನಿಲ್ಲಿಸಲು ಸ್ಥಳ ಬೇಕು. ಆ ಸ್ಥಳದ ಮೇಲೆ ಹಿಡಿತವುಳ್ಳ ಕುಲದ ಹಿರಿಯರೂ ಸ್ಥಳೀಯ ಪ್ರಬಲರೂ ಕಣ್ಣು ಮುಚ್ಚಿಕೊಳ್ಳಬೇಕು. ವಿಶ್ವಬ್ಯಾಂಕಿನ ಇನ್ನೊಂದು ಅಧ್ಯಯನವು ಒತ್ತಿ ಹೇಳಿದ್ದೂ ಈ ಮಾತನ್ನೇ. ಇದಕ್ಕೆ ಸಾಕ್ಷಿ 2006ನೆಯ ಇಸವಿ. ಆ ವರ್ಷದ ಉತ್ತರಾರ್ಧದಲ್ಲಿ ಇಸ್ಲಾಮೀ ನ್ಯಾಯಾಲಯಗಳ ಒಕ್ಕೂಟವು ದಕ್ಷಿಣ ಸೊಮಾಲಿಯವನ್ನು ಹಿಡಿತಕ್ಕೆ ತಂದುಕೊಂಡು, ಹರಾರ್‌ಧೀರೆ ಮತ್ತು ಹೋಬ್ಯೊಗಳಲ್ಲಿ ಕಡಲ್ಗಳ್ಳತನವನ್ನು ನಿಷೇಧಿಸಿದೊಡನೆ, ಒಂದು ಯುದ್ಧನೌಕೆಯ ಸಹಾಯವೂ ಇಲ್ಲದೆ ಅದು ಬಹುಮಟ್ಟಿಗೆ ನಿಂತುಹೋಯಿತು; ಡಿಸೆಂಬರಿನಲ್ಲಿ ಇಥಿಯೋಪಿಯದ ಸೈನ್ಯ ಆ ಒಕ್ಕೂಟವನ್ನು ಓಡಿಸಿದ ಬಳಿಕ ಮರಳಿ ತಲೆಯೆತ್ತಿತು. ಆ ಆಡಳಿತದ ಕಾಠಿಣ್ಯವನ್ನು ನಾನು ಹೊಗಳುತ್ತಿಲ್ಲ. ತೀರದಲ್ಲಿ ಆಜ್ಞೆ ನಡೆದರೆ ಕಡಲಿನಲ್ಲಿ ಏನಾಗುವುದೆಂಬುದನ್ನು ಮಾತ್ರ ತೋರಿಸುತ್ತಿದ್ದೇನೆ. ಮಲಕ್ಕಾ ಜಲಸಂಧಿಯಲ್ಲಿಯೂ 2004ರಿಂದ ಇಂಡೊನೇಷ್ಯ, ಮಲೇಷ್ಯ, ಸಿಂಗಪುರಗಳು ಕೂಡಿ ಗಸ್ತು ನಡೆಸಿದ್ದಷ್ಟೇ ಅಲ್ಲದೆ, 2005ರಲ್ಲಿ ಇಂಡೊನೇಷ್ಯದ ‘ಅಚೇ’ ಎಂಬ ಪ್ರಾಂತದಲ್ಲಿ ಶಾಂತಿ ನೆಲೆಸಿದುದೂ ಉಪಕಾರವಾಯಿತು.

2023ರ ಡಿಸೆಂಬರಿನಲ್ಲಿ ‘ರುಯೆನ್’ ಎಂಬ ಹಡಗು ಅಪಹೃತವಾದಾಗ, ಮುಗಿಯಿತೆಂದು ಎಣಿಸಿದ್ದ ವಿಪತ್ತು ಮುಗಿದಿಲ್ಲವೆಂದು ತಿಳಿಯಿತು. ಕೆಂಪು ಸಮುದ್ರದಲ್ಲಿ ಯೆಮನ್ನಿನ ಹೂತಿ ಬಂಡುಕೋರರ ಕ್ಷಿಪಣಿಗಳ ಕಡೆಗೆ ನೌಕಾಪಡೆಗಳ ಗಮನ ಹರಿದಿದ್ದ ಕಾಲವದು. ಭದ್ರತಾ ಮಂಡಳಿಯ ಅನುಮತಿಯೂ 2022ರಲ್ಲಿಯೇ ಮುಗಿದುಹೋಗಿದ್ದಿತು. 2024ರ ಮಾರ್ಚ್ 16ರಂದು, ಭಾರತದ ತೀರದಿಂದ ಸುಮಾರು 2,600 ಕಿಲೋಮೀಟರು ದೂರದಲ್ಲಿ, ‘ಕೋಲ್ಕತಾ’ ನೌಕೆಯೂ ವಿಮಾನದಿಂದ ಕಡಲಿಗಿಳಿದ ನಮ್ಮ ಕಮಾಂಡೋಗಳೂ ಹದಿನೇಳು ಮಂದಿ ನಾವಿಕರನ್ನು ಅಪಾಯವಿಲ್ಲದಂತೆ ಬಿಡಿಸಿ, ಮೂವತ್ತೈದು ಮಂದಿ ಕಳ್ಳರನ್ನು ಮುಂಬಯಿಗೆ ತಂದರು. ಅಭಿಮಾನಪಡತಕ್ಕ ಕಾರ್ಯ. ಅದೇ ತಿಂಗಳು ಹಿಡಿಯಲ್ಪಟ್ಟ ಬಾಂಗ್ಲಾದೇಶದ ‘ಅಬ್ದುಲ್ಲಾ’ ಮಾತ್ರ ಸೊಮಾಲಿಯದ ತೀರವನ್ನು ಸೇರಿಬಿಟ್ಟಿತು. ಅದರ ಇಪ್ಪತ್ಮೂರು ನಾವಿಕರು ಏಪ್ರಿಲ್‌ನಲ್ಲಿ ಒತ್ತೆಹಣದಿಂದಲೇ ಬಿಡುಗಡೆ ಹೊಂದಬೇಕಾಯಿತು.

ಹಿಂದೆ ಕಳ್ಳರ ಲಂಗರುದಾಣವಾಗಿದ್ದ ಗಾರಾಅದ್ ಎಂಬಲ್ಲಿ, ಸ್ಥಳೀಯರೂ ಪರದೇಶಗಳಲ್ಲಿರುವ ಸೊಮಾಲಿಗಳೂ ಹಣ ಕೂಡಿಸಿ ಈಚೆಗೆ ಒಂದು ಬಂದರನ್ನು ಕಟ್ಟಿಕೊಂಡಿದ್ದಾರೆ. ಹಡಗು ಬಂದರೆ ಸುಂಕ, ಕೂಲಿ, ವ್ಯಾಪಾರ ಎಲ್ಲವೂ ಊರಿಗೆ ದೊರೆಯುವುದಾದರೆ, ಹಡಗನ್ನು ಹೆದರಿಸಿ ಓಡಿಸುವವರನ್ನು ಊರೇ ತಡೆಯಲು ಕಾರಣವಿರುತ್ತದೆ. ಬಂದರೊಂದೇ ಸಾಲದೆಂಬುದೂ ಸ್ಪಷ್ಟ, ಏಕೆಂದರೆ ‘ಅಬ್ದುಲ್ಲಾ’ ನಿಂತಿದ್ದುದು ಆ ತೀರಪ್ರದೇಶದಲ್ಲಿಯೇ. ಪರದೇಶದ ಟ್ರಾಲರ್‌ಗಳ ಮೇಲಣ ದೂರು ಇಂದಿಗೂ ಅಲ್ಲಿಯ ಬೆಸ್ತರ ಬಾಯಲ್ಲಿದೆ. 2014ರಲ್ಲಿ ಸೊಮಾಲಿಯವು ಇನ್ನೂರು ನಾಟಿಕಲ್ ಮೈಲಿಯ ಆರ್ಥಿಕ ವಲಯವನ್ನು ಘೋಷಿಸಿಕೊಂಡಿದೆ. ಅದನ್ನು ಕಾಯುವ ಶಕ್ತಿ ಅದಕ್ಕಿಲ್ಲ. ವರ್ತಕನೌಕೆಯನ್ನು ಕಾಯಲು ಆ ನೀರಿಗೆ ಹೋಗುವ ಪ್ರತಿಯೊಂದು ನೌಕಾಪಡೆಯೂ, ನಮ್ಮದೂ ಸೇರಿದಂತೆ, ಅಪ್ಪಣೆಯಿಲ್ಲದೆ ಮೀನು ಹಿಡಿಯುವ ಟ್ರಾಲರ್‌ಗಳ ವಿವರವನ್ನು ದಾಖಲಿಸಿ ಸೊಮಾಲಿಯಕ್ಕೂ ಆ ಟ್ರಾಲರಿನ ಧ್ವಜದ ದೇಶಕ್ಕೂ ಒಪ್ಪಿಸುವಂತಾಗಬೇಕು. ಪರವಾನಗಿಯ ಹಣದಲ್ಲಿ ಒಂದು ಪಾಲು ರಾಜಧಾನಿಯಲ್ಲಿ ಉಳಿಯದೆ ತೀರದ ಊರುಗಳಾದ ಏಯ್ಲ್, ಹೋಬ್ಯೊ, ಗಾರಾಅದ್‌ಗಳ ಶೀತಲಗೃಹಗಳಿಗೂ ರಸ್ತೆಗಳಿಗೂ ತಲುಪಬೇಕು.