ಪ್ರಯೋಗಶಾಲೆಯಿಂದ ಮನೆಯಂಗಳಕ್ಕೆ: ಸೂಕ್ಷ್ಮಜೀವಿ ವಿಜ್ಞಾನಿಗಳ ಸೇವಾಕಾರ್ಯ

ಕಣ್ಣಿಗೆ ಕಾಣದ ಜೀವಿಗಳ ಅಧ್ಯಯನದಲ್ಲಿ ಪುಣೆ ನಗರಕ್ಕೆ ಭಾರತದಲ್ಲಿ ವಿಶಿಷ್ಟವಾದ ಸ್ಥಾನವಿದೆ. ಜಾನುವಾರುಗಳ ರೋಗಗಳನ್ನು ಅಭ್ಯಸಿಸುವ ಸಲುವಾಗಿ 1889ರಲ್ಲಿ ಇಂಪೀರಿಯಲ್ ಬ್ಯಾಕ್ಟೀರಿಯಾಲಜಿಕಲ್ ಲೆಬೊರೇಟರಿ ಆರಂಭವಾದುದು ಇಲ್ಲಿಯೇ. ಅನಂತರ ಅದು ಹಿಮಾಲಯದ ಮುಕ್ತೇಶ್ವರಕ್ಕೆ ವರ್ಗವಾಯಿತು. 1952ರಲ್ಲಿ ವೈರಸ್ ಸಂಶೋಧನ ಕೇಂದ್ರವು ಇಲ್ಲಿ ಸ್ಥಾಪಿತವಾಗಿ, 1978ರಿಂದ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆಯೆಂಬ ಹೆಸರನ್ನು ಪಡೆಯಿತು. 1954ರಲ್ಲಿ ಪಿಂಪ್ರಿಯಲ್ಲಿ ಹಿಂದೂಸ್ಥಾನ್ ಆಂಟಿಬಯೋಟಿಕ್ಸ್ ಕಾರ್ಖಾನೆ ತಲೆಯೆತ್ತಿತು. ಆ ಸಂಸ್ಥೆಯ ಹೆಸರಿನ ಮೊದಲಕ್ಷರಗಳನ್ನೇ ಹೊತ್ತ ‘ಹಾಮೈಸಿನ್’ ಎಂಬ ಶಿಲೀಂಧ್ರನಾಶಕ ಔಷಧದ ಶೋಧನೆಯೊಡನೆ ಜೋಡಿಕೊಂಡಿರುವ ಹೆಸರು ಕನ್ನಡ ನಾಡಿನ ಡಾ. ಎಂ. ಜೆ. ತಿರುಮಲಾಚಾರ್ ಅವರದು. 1966ರಲ್ಲಿ ಸೀರಮ್ ಇನ್‌ಸ್ಟಿಟ್ಯೂಟ್ ಪ್ರಾರಂಭವಾಯಿತು. ಇವಲ್ಲದೆ ವಿಶ್ವವಿದ್ಯಾಲಯದಲ್ಲಿ ಮತ್ತು ಹಲವು ಕಾಲೇಜುಗಳಲ್ಲಿ ಸೂಕ್ಷ್ಮಜೀವಿ ವಿಜ್ಞಾನದ ಬೋಧನೆ ನಡೆಯುತ್ತಿದೆ.

ಇಷ್ಟೊಂದು ವಿದ್ಯೆ ಒಂದೇ ಊರಿನಲ್ಲಿ ಕೂಡಿರುವಾಗ, ಆ ಊರಿನ ಸಾಮಾನ್ಯ ಸಂಸಾರಕ್ಕೆ ಅದರ ಪ್ರಯೋಜನ ಎಷ್ಟರಮಟ್ಟಿಗೆ ಮುಟ್ಟುತ್ತಿದೆ ಎಂಬ ಪ್ರಶ್ನೆ ಸಹಜವಾದುದು. ಲಸಿಕೆಯ ರೂಪದಲ್ಲಿ, ಔಷಧದ ರೂಪದಲ್ಲಿ ಮುಟ್ಟುತ್ತಿದೆ, ನಿಜ. ಆದರೆ ತಿಳುವಳಿಕೆಯ ರೂಪದಲ್ಲಿ ಮುಟ್ಟಬೇಕಾದರೆ ಬಲ್ಲವರು ತಾವಾಗಿ ಬಂದು, ಬಿಡುವಿನ ವೇಳೆಯನ್ನು ಕೊಟ್ಟು, ಕೇಳುವವರ ಭಾಷೆಯಲ್ಲಿ ಹೇಳಬೇಕಾಗುತ್ತದೆ. ಈ ಸೇವೆಯ ಅಗತ್ಯವನ್ನೂ ಅದರ ಕ್ರಮವನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕ್ಯಾಸನೂರಿನ ಕಾಡು ಕಲಿಸಿದ ಪಾಠ

ಪುಣೆಯ ವೈರಸ್ ಸಂಶೋಧನ ಕೇಂದ್ರಕ್ಕೂ ಕನ್ನಡ ನಾಡಿಗೂ ಇರುವ ನಂಟು ಬಹಳ ಹಳೆಯದು. 1957ರಲ್ಲಿ ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ, ಕ್ಯಾಸನೂರು ಎಂಬ ಕಾಡಿನ ಆಸುಪಾಸಿನ ಹಳ್ಳಿಗಳಲ್ಲಿ ಜನರು ತೀವ್ರವಾದ ಜ್ವರದಿಂದ ಮಲಗತೊಡಗಿದರು. ಅದೇ ಹೊತ್ತಿನಲ್ಲಿ ಕಾಡಿನ ಮಂಗಗಳೂ ಕಪ್ಪುಮೋರೆಯ ಮುಸುವಗಳೂ ಸತ್ತು ಬೀಳುತ್ತಿದ್ದವು. ಈ ಎರಡು ಸಂಗತಿಗಳಿಗೆ ಸಂಬಂಧವಿದೆಯೆಂಬುದನ್ನು ಹಳ್ಳಿಯ ಜನ ತಾವೇ ಗ್ರಹಿಸಿ ‘ಮಂಗನ ಕಾಯಿಲೆ’ ಎಂದು ಹೆಸರಿಟ್ಟರು. ಪುಣೆಯಿಂದ ಹೋದ ವಿಜ್ಞಾನಿಗಳಿಗೆ ಮೊದಲು ಬಂದ ಶಂಕೆ ಹಳದಿ ಜ್ವರದ್ದು; ಏಕೆಂದರೆ ದಕ್ಷಿಣ ಅಮೆರಿಕದಲ್ಲಿ ಆ ರೋಗ ಬಂದಾಗಲೂ ಕಾಡಿನ ಮಂಗಗಳು ಸಾಯುತ್ತವೆ. ಪರೀಕ್ಷೆಯಿಂದ ಹೊರಬಿದ್ದದ್ದು ಬೇರೊಂದು ವಿಷಯ. ಇದು ಅದುವರೆಗೆ ಜಗತ್ತಿಗೆ ತಿಳಿಯದಿದ್ದ ವೈರಸ್. ರಷ್ಯದಲ್ಲಿ ಉಣ್ಣೆಗಳಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಹತ್ತಿರದ ಬಂಧು. ಡಾ. ಟೆಲ್ಫೋರ್ಡ್ ವರ್ಕ್ ಮತ್ತು ಡಾ. ಹೆರಾಲ್ಡ್ ಟ್ರಾಪಿಡೊ ಮೊದಲಾದವರ ಶ್ರಮದಿಂದ ಸೊರಬದ ಒಂದು ಕಾಡಿನ ಹೆಸರು ವೈದ್ಯಶಾಸ್ತ್ರದ ಗ್ರಂಥಗಳಲ್ಲಿ ಸ್ಥಿರವಾಗಿ ನಿಂತಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ರೋಗದ ಮೊದಲ ಸುಳಿವನ್ನು ಕಂಡವರು ಸೌದೆಗೂ ಸೊಪ್ಪಿಗೂ ಕಾಡಿಗೆ ಹೋಗುತ್ತಿದ್ದ ಜನ. ಅವರ ಮಾತನ್ನು ಕಿವಿಗೊಟ್ಟು ಕೇಳಿದುದರಿಂದ ವಿಜ್ಞಾನ ಮುಂದುವರಿಯಿತು. ಇನ್ನು ವಿಜ್ಞಾನ ಜನರಿಗೆ ಹಿಂದಿರುಗಿಸಬೇಕಾದ ಮಾತೂ ಅಷ್ಟೇ ಮುಖ್ಯವಾಗಿತ್ತು. ‘ಮಂಗನ ಕಾಯಿಲೆ’ ಎಂಬ ಹೆಸರಿನಿಂದ ಮಂಗವೇ ರೋಗವನ್ನು ಅಂಟಿಸುತ್ತದೆಯೆಂಬ ಭಾವನೆ ಹುಟ್ಟುತ್ತದೆ. ವಾಸ್ತವದಲ್ಲಿ ಮಂಗವೂ ಮನುಷ್ಯನಂತೆ ರೋಗಕ್ಕೆ ತುತ್ತಾದ ಪ್ರಾಣಿ. ರೋಗವನ್ನು ಸಾಗಿಸುವುದು ಉಣ್ಣೆ, ಮಲೆನಾಡಿನವರ ಬಾಯಲ್ಲಿ ಉಣುಗು. ಮಂಗ ಸತ್ತಾಗ ಅದರ ಮೈಮೇಲಿನ ಉಣ್ಣೆಗಳು ಸುತ್ತಲಿನ ತರಗೆಲೆಯಲ್ಲಿ ಉದುರಿ, ಅಲ್ಲಿ ಓಡಾಡುವವರನ್ನು ಹತ್ತಿಕೊಳ್ಳುತ್ತವೆ. ಆದುದರಿಂದ ಸತ್ತ ಮಂಗ ಕಂಡಲ್ಲಿ ಹತ್ತಿರ ಸುಳಿಯದೆ ಆರೋಗ್ಯ ಇಲಾಖೆಗೆ ತಿಳಿಸುವುದು, ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಧರಿಸಿ ಕೈಕಾಲುಗಳಿಗೆ ಇಲಾಖೆ ಕೊಡುವ ಡೆಪಾ ತೈಲವನ್ನು ಲೇಪಿಸುವುದು, ಮರಳಿದೊಡನೆ ಬಿಸಿನೀರಿನಲ್ಲಿ ಸ್ನಾನಮಾಡಿ ಬಟ್ಟೆ ಒಗೆಯುವುದು, ಇವೇ ಮುಖ್ಯವಾದ ರಕ್ಷಣೋಪಾಯಗಳು. ರೋಗಿಯಿಂದ ನೇರವಾಗಿ ಮತ್ತೊಬ್ಬರಿಗೆ ಈ ರೋಗ ಅಂಟುವುದಿಲ್ಲವೆಂಬ ತಿಳುವಳಿಕೆ ಇದ್ದರೆ, ರೋಗಿಯನ್ನು ದೂರವಿಡುವ ಕ್ರೌರ್ಯವೂ ತಪ್ಪುತ್ತದೆ.

ರೋಗ ತಗುಲಿದ ನೂರು ಮಂದಿಯಲ್ಲಿ 3ರಿಂದ 5 ಮಂದಿ ಸಾವಿಗೀಡಾಗುವ ಈ ಕಾಯಿಲೆಗೆ ನಿರ್ದಿಷ್ಟವಾದ ಔಷಧವಿಲ್ಲ. ದಶಕಗಳ ಕಾಲ ಹಾಕುತ್ತಿದ್ದ ಲಸಿಕೆಯ ಶಕ್ತಿ ಕುಂದಿದ ಕಾರಣ 2022ರಲ್ಲಿ ಅದನ್ನು ನಿಲ್ಲಿಸಲಾಯಿತು; ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯು ಹೊಸ ಲಸಿಕೆಯ ಕಾರ್ಯವನ್ನು ಕೈಗೆತ್ತಿಕೊಂಡಿದೆ. ಹೀಗೆ ಲಸಿಕೆಯೂ ಇಲ್ಲದ, ಔಷಧವೂ ಇಲ್ಲದ ಅವಧಿಯಲ್ಲಿ ಮನುಷ್ಯನನ್ನು ಕಾಪಾಡುವುದು ಸಕಾಲಕ್ಕೆ ಬಂದ ತಿಳುವಳಿಕೆಯೊಂದೇ. ಇದು ಮಲೆನಾಡಿಗೆ ಮಾತ್ರ ಸೀಮಿತವಾದ ಮಾತಲ್ಲ. 2016ರಲ್ಲಿ ಈ ರೋಗ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿಯೂ ಕಾಣಿಸಿಕೊಂಡಿತು.

ವಿವರಿಸದೆ ಆಜ್ಞಾಪಿಸಿದಾಗ

ಹೇಳಬೇಕಾದುದನ್ನು ಹೇಳದೆ ಬಲಾತ್ಕಾರದಿಂದ ಮಾಡಹೊರಟರೆ ಏನಾಗುತ್ತದೆ ಎಂಬುದನ್ನೂ ಈ ನಗರವೇ ಕಂಡಿದೆ. 1897ರ ಪ್ಲೇಗಿನ ಕಾಲದಲ್ಲಿ ಸೈನಿಕರು ಮನೆಮನೆಗೆ ನುಗ್ಗಿ ಶೋಧನೆ ನಡೆಸಿದರು, ರೋಗಿಗಳನ್ನೂ ಅವರ ಸಂಬಂಧಿಕರನ್ನೂ ಶಿಬಿರಗಳಿಗೆ ಸಾಗಿಸಿದರು, ಸಾಮಾನುಗಳನ್ನು ಸುಟ್ಟರು. ಏಕೆ, ಏತಕ್ಕೆ ಎಂದು ತಾಳ್ಮೆಯಿಂದ ತಿಳಿಸಿ ಜನರ ವಿಶ್ವಾಸವನ್ನು ಗಳಿಸುವ ಗೋಜಿಗೆ ಅಧಿಕಾರಿಗಳು ಹೋಗಲಿಲ್ಲ. ಜನರು ರೋಗಿಗಳನ್ನು ಬಚ್ಚಿಡತೊಡಗಿದರು. ಜನರ ಆಕ್ರೋಶ ಎಲ್ಲಿಗೆ ಮುಟ್ಟಿತೆಂಬುದನ್ನು ಅದೇ ವರ್ಷ ಜೂನ್ 22ರ ರಾತ್ರಿ ಪ್ಲೇಗ್ ಅಧಿಕಾರಿ ರ್‍ಯಾಂಡ್ ಮೇಲೆ ಚಾಫೇಕರ್ ಸಹೋದರರು ಹಾರಿಸಿದ ಗುಂಡು ಹೇಳುತ್ತದೆ.

ಅದೇ ವರ್ಷದ ಬೇರೆ ಎರಡು ನಿದರ್ಶನಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮುಂಬಯಿಯಲ್ಲಿ ವಾಲ್ಡೆಮಾರ್ ಹಾಫ್ಕಿನ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ತಾನು ತಯಾರಿಸಿದ ಪ್ಲೇಗ್ ಲಸಿಕೆಯನ್ನು ಜನವರಿ 10ರಂದು ಮೊದಲು ತನ್ನ ಮೈಗೇ ಚುಚ್ಚಿಕೊಂಡು ಅದರ ಪರಿಣಾಮವನ್ನು ಪರೀಕ್ಷಿಸಿಕೊಂಡನು. ಪುಣೆಯಲ್ಲಿ ಸಾವಿತ್ರಿಬಾಯಿ ಫುಲೆಯವರು ವೈದ್ಯನಾದ ಮಗ ಯಶವಂತನೊಡನೆ ಪ್ಲೇಗ್ ರೋಗಿಗಳ ಶುಶ್ರೂಷೆಗೆ ನಿಂತು, ಆ ಸೇವೆಯಲ್ಲಿಯೇ ರೋಗ ತಗುಲಿ ಮಾರ್ಚ್ 10ರಂದು ದಿವಂಗತರಾದರು. ವಿದ್ಯೆಯಾಗಲಿ ಸೇವೆಯಾಗಲಿ ಜನರ ನಡುವೆ ಬಂದು ನಿಂತಾಗ ವಿಶ್ವಾಸ ಹುಟ್ಟುತ್ತದೆಂಬುದಕ್ಕೆ ಇವರ ಬಾಳೇ ಸಾಕ್ಷಿ. ಇಂದು ಪುಣೆಯ ವಿಶ್ವವಿದ್ಯಾಲಯಕ್ಕೆ ಆ ತಾಯಿಯ ಹೆಸರೇ ಇದೆ.

2025ರ ಅನುಭವ

ಇತ್ತೀಚಿನ ನಿದರ್ಶನ ನಮ್ಮೆಲ್ಲರ ನೆನಪಿನಲ್ಲಿದೆ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಆಸುಪಾಸಿನ ನಾಂದೇಡ, ಕಿರ್ಕಟವಾಡಿ ಮುಂತಾದ ಬಡಾವಣೆಗಳಲ್ಲಿ ಗೀಲನ್-ಬಾರೆ ಸಿಂಡ್ರೋಮ್ ಎಂಬ ನರರೋಗ ಕಾಣಿಸಿಕೊಂಡಿತು. ಕೆಲವು ವಾರಗಳಲ್ಲಿ ರೋಗಿಗಳ ಸಂಖ್ಯೆ ಇನ್ನೂರರ ಆಸುಪಾಸಿಗೆ ಏರಿತು. ಕಾಲುಗಳ ಶಕ್ತಿ ಉಡುಗಿ, ಕೆಲವರಲ್ಲಿ ಉಸಿರಾಟಕ್ಕೂ ತೊಂದರೆಯಾಗುವ ಈ ರೋಗದ ಹೆಸರು ಕೇಳಿಯೇ ಜನ ಭಯಗೊಂಡರು. ಇದು ಅಂಟುರೋಗವೇ, ಕೋಳಿಮಾಂಸವನ್ನು ಬಿಡಬೇಕೇ, ಹೊಸ ವೈರಸ್ ಬಂದಿತೇ ಎಂಬ ಪ್ರಶ್ನೆಗಳು ಮನೆಮನೆಯಲ್ಲಿ ಎದ್ದವು.

ಉತ್ತರ ಸರಳವಾಗಿಯೇ ಇತ್ತು. ಹಲವು ರೋಗಿಗಳ ಮಲಪರೀಕ್ಷೆಯಲ್ಲಿ ಕ್ಯಾಂಪೈಲೊಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯ ಪತ್ತೆಯಾಯಿತು. ಮಲಿನವಾದ ನೀರು, ಅರೆಬೆಂದ ಮಾಂಸ ಇವುಗಳಿಂದ ಹೊಟ್ಟೆಗೆ ಸೇರುವ ಈ ಜೀವಿ ಸಾಮಾನ್ಯವಾಗಿ ನಾಲ್ಕಾರು ದಿನ ಭೇದಿಯನ್ನುಂಟುಮಾಡಿ ಹೋಗುತ್ತದೆ. ಇದರ ಹೊರಮೈಯ ರಚನೆಯು ನಮ್ಮ ನರಗಳ ರಚನೆಯನ್ನು ಹೋಲುವುದರಿಂದ, ಸಾವಿರಕ್ಕೆ ಒಬ್ಬರಂತೆ ಕೆಲವರಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿತಪ್ಪಿ ಸ್ವಂತ ನರಗಳ ಮೇಲೆ ಎರಗುತ್ತದೆ. ನರರೋಗವು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಸಕಾಲದಲ್ಲಿ ಆಸ್ಪತ್ರೆ ಸೇರಿದವರಲ್ಲಿ ಬಹುತೇಕ ಮಂದಿ ಗುಣಹೊಂದುತ್ತಾರೆ. ನೀರನ್ನು ಕುದಿಸಿ ಕುಡಿಯುವುದು, ಮಾಂಸವನ್ನು ಚೆನ್ನಾಗಿ ಬೇಯಿಸುವುದು, ಕೈಕಾಲುಗಳಲ್ಲಿ ನಿಶ್ಶಕ್ತಿ ಕಂಡೊಡನೆ ವೈದ್ಯರಲ್ಲಿಗೆ ಧಾವಿಸುವುದು, ಇಷ್ಟೇ ಜನರಿಗೆ ಬೇಕಾಗಿದ್ದ ಮಾತು.

ಆದರೆ ಈ ಮಾತು ಯಾವ ಭಾಷೆಯಲ್ಲಿ ಹೋಗಬೇಕು? ಪುಣೆಯ ಕಟ್ಟಡಗಳ ಕೆಲಸಕ್ಕೆ ಕಲಬುರಗಿ, ವಿಜಯಪುರ, ಯಾದಗಿರಿ ಕಡೆಗಳಿಂದ ಬಂದು ತಗಡಿನ ಗುಡಿಸಲುಗಳಲ್ಲಿ ವಾಸಿಸುವ ಸಂಸಾರಗಳು ಎಷ್ಟೋ ಇವೆ. ಟ್ಯಾಂಕರಿನ ನೀರನ್ನೋ ಬಾವಿಯ ನೀರನ್ನೋ ಪೀಪಾಯಿಯಲ್ಲಿ ತುಂಬಿಟ್ಟು ಬಳಸುವವರು ಅವರು. ಮರಾಠಿಯ, ಇಂಗ್ಲಿಷಿನ ಪ್ರಕಟಣೆಗಳನ್ನು ಓದಿ ತಿಳಿಯುವ ಅನುಕೂಲ ಅವರಲ್ಲಿ ಅನೇಕರಿಗಿಲ್ಲ. ರೋಗದ ಅಪಾಯಕ್ಕೆ ಅತ್ಯಂತ ಸಮೀಪದಲ್ಲಿರುವವರು ತಿಳುವಳಿಕೆಯಿಂದ ಅತ್ಯಂತ ದೂರದಲ್ಲಿದ್ದಾರೆ. ಈ ಅಂತರವನ್ನು ತುಂಬಬಲ್ಲವರು ಕನ್ನಡ ಬಲ್ಲ ಪುಣೆಯ ವಿಜ್ಞಾನಿಗಳೂ ವಿಜ್ಞಾನದ ವಿದ್ಯಾರ್ಥಿಗಳೂ ಅಲ್ಲದೆ ಬೇರೆ ಯಾರು?

ಹೇಳುವ ಕ್ರಮ

ಈ ಸೇವೆಗೆ ವೇದಿಕೆಯಾಗಲಿ ಧ್ವನಿವರ್ಧಕವಾಗಲಿ ಬೇಕಿಲ್ಲ. ತಿಂಗಳಿಗೊಂದು ಭಾನುವಾರ ಎರಡು ಗಂಟೆಯ ಬಿಡುವು ಸಾಕು. ಆದರೆ ಕೆಲವು ನಿಯಮಗಳನ್ನು ಪಾಲಿಸುವುದು ಅವಶ್ಯಕ.

ಮೊದಲನೆಯದಾಗಿ, ಪದಗಳ ಆಯ್ಕೆಯಲ್ಲಿ ಎಚ್ಚರ ಬೇಕು. ‘ನೀರನ್ನು ಕಾಯಿಸಿ ಕುಡಿಯಿರಿ’ ಎಂದರೆ ಬೆಚ್ಚಗೆ ಮಾಡಿ ಕುಡಿಯುವವರಿದ್ದಾರೆ. ಕಾಯಿಸುವುದು ಬೇರೆ, ಕುದಿಸುವುದು ಬೇರೆ. ನೀರು ಗುಳ್ಳೆಯೆದ್ದು ತಳಮಳಿಸುತ್ತ ಒಂದು ನಿಮಿಷವಾದರೂ ಕುದಿಯಬೇಕೆಂದು ಬಿಡಿಸಿ ಹೇಳಬೇಕು. ಹಾಗೆಯೇ ಬ್ಯಾಕ್ಟೀರಿಯಕ್ಕೆ ‘ಜಂತು’ ಎಂದರೆ ಕೇಳುವವರ ಮನಸ್ಸು ಹೊಟ್ಟೆಹುಳದ ಮಾತ್ರೆಯ ಕಡೆಗೆ ಹೋಗುತ್ತದೆ.

ಎರಡನೆಯದಾಗಿ, ಅವರ ಅಡುಗೆಮನೆಯಿಂದಲೇ ಉದಾಹರಣೆ ತೆಗೆದುಕೊಳ್ಳಬೇಕು. ಉಗುರುಬೆಚ್ಚಗಿನ ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುತ್ತದೆ. ಕುದಿಯುವ ಹಾಲಿಗೆ ಹಾಕಿದರೆ ಆಗುವುದಿಲ್ಲ. ಹೆಪ್ಪಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಕುದಿಯುವ ಶಾಖಕ್ಕೆ ಸಾಯುತ್ತವೆಂಬುದೇ ಅದರ ಕಾರಣ. ನಮ್ಮ ಹೆಣ್ಣುಮಕ್ಕಳೆಲ್ಲರೂ ಬಲ್ಲ ಈ ಸಂಗತಿಯಿಂದ, ನೀರನ್ನು ಕುದಿಸುವುದರ ಪ್ರಯೋಜನವೂ ಎಲ್ಲ ಸೂಕ್ಷ್ಮಜೀವಿಗಳು ಕೇಡಿಗಳಲ್ಲವೆಂಬುದೂ ಒಟ್ಟಿಗೆ ಮನವರಿಕೆಯಾಗುತ್ತವೆ. ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ಎಂಬುದನ್ನು ಹನಿ ಔಷಧ ಹಾಕಿ, ಹಳದಿ ಬಣ್ಣ ಬರುವುದನ್ನು ತೋರಿಸುವ ಚಿಕ್ಕ ಪೆಟ್ಟಿಗೆಯೂ ಜೊತೆಗಿದ್ದರೆ ಮಕ್ಕಳು ಸುತ್ತ ನೆರೆಯುವರು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ನಲ್ಲಿಯ ನೀರಿನಲ್ಲಿ ಉಳಿದಿರಬೇಕೆಂಬುದು ನಿಯಮ.

ಮೂರನೆಯದಾಗಿ, ಒಂದು ಸಲಕ್ಕೆ ಒಂದೇ ವಿಷಯ. ನೀರಿನ ಮಾತಿನ ದಿನ ನೀರು. ಔಷಧದ ಮಾತಿನ ದಿನ ಔಷಧ. ನೆಗಡಿಯನ್ನು ತರುವ ವೈರಸ್ಸಿನ ಮೇಲೆ ಆಂಟಿಬಯೋಟಿಕ್ ಔಷಧಗಳು ಕೆಲಸಮಾಡವು. ಮಾತ್ರೆಯ ಪಟ್ಟಿಯ ಮೇಲೆ ಕೆಂಪು ಗೆರೆಯಿದ್ದರೆ ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು, ಎಂಬಷ್ಟನ್ನು ಹೇಳಿದರೆ ಒಂದು ದಿನದ ಸೇವೆ ಸಾರ್ಥಕ.

ನಾಲ್ಕನೆಯದಾಗಿ, ವಿಜ್ಞಾನಿ ತನ್ನ ಎಲ್ಲೆಯನ್ನು ಅರಿತಿರಬೇಕು. ಸೂಕ್ಷ್ಮಜೀವಿಗಳನ್ನು ಬಲ್ಲವರೆಲ್ಲರೂ ವೈದ್ಯರಲ್ಲ. ಔಷಧ ಸೂಚಿಸುವುದು ಅವರ ಕೆಲಸವಲ್ಲ. ಗೊತ್ತಿಲ್ಲದ ಪ್ರಶ್ನೆಗೆ ‘ವಿಚಾರಿಸಿ ಮುಂದಿನ ವಾರ ಹೇಳುತ್ತೇನೆ’ ಎಂದು ಹೇಳಿ, ಹಾಗೆಯೇ ನಡೆದುಕೊಂಡರೆ ಗೌರವ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಕೇಳಿಸಿಕೊಳ್ಳುವ ತಾಳ್ಮೆ ಬೇಕು. ಒಂದೇ ಸಾಲಿನ ಗುಡಿಸಲುಗಳಲ್ಲಿ ನಾಲ್ಕು ಮಕ್ಕಳಿಗೆ ಭೇದಿಯಾಗಿದೆಯೆಂಬ ಸುದ್ದಿ ಅಲ್ಲಿಯ ತಾಯಂದಿರಿಗೆ ಯಾವ ಪ್ರಯೋಗಶಾಲೆಗಿಂತಲೂ ಮೊದಲು ತಿಳಿದಿರುತ್ತದೆ. ಅದನ್ನು ಕೇಳಿ ನಗರಸಭೆಯ ಆರೋಗ್ಯ ಅಧಿಕಾರಿಗಳಿಗೆ ಮುಟ್ಟಿಸುವುದೂ ಈ ಸೇವೆಯ ಅಂಗವೇ. ಕ್ಯಾಸನೂರಿನ ಕಥೆ ಆರಂಭವಾದುದೂ ಹೀಗೆಯೇ ಅಲ್ಲವೇ?

ನಮ್ಮ ಕರ್ತವ್ಯ

ಕನ್ನಡದಲ್ಲಿ ವಿಜ್ಞಾನವನ್ನು ಹೇಳುವ ಪರಂಪರೆ ಹೊಸದೇನಲ್ಲ. 1918ರಲ್ಲಿಯೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಸ್ಥಾಪಿತವಾಯಿತು. ಆ ಪರಂಪರೆಯನ್ನು ಹೊರನಾಡಿನಲ್ಲಿ ಮುಂದುವರಿಸುವ ಹೊಣೆ ನಮ್ಮದು.

ಪುಣೆಯ ಸಂಸ್ಥೆಗಳಲ್ಲಿ ಕೆಲಸಮಾಡುವ ಮತ್ತು ನಿವೃತ್ತರಾದ ಕನ್ನಡಿಗ ವಿಜ್ಞಾನಿಗಳು ನಮ್ಮ ನಡುವೆಯೇ ಇದ್ದಾರೆ. ಸೂಕ್ಷ್ಮಜೀವಿ ವಿಜ್ಞಾನವನ್ನು ಓದುತ್ತಿರುವ ಮಕ್ಕಳು ನಮ್ಮ ಮನೆಗಳಲ್ಲಿದ್ದಾರೆ. ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನವಾಗಲಿ, ರಾಜ್ಯೋತ್ಸವವಾಗಲಿ, ಮಳೆಗಾಲಕ್ಕೆ ಮುಂಚಿನ ಒಂದು ಭಾನುವಾರವಾಗಲಿ, ಇವರಲ್ಲಿ ನಾಲ್ಕಾರು ಮಂದಿಯನ್ನು ಕೂಡಿಸಿ, ಕಾರ್ಮಿಕ ಬಂಧುಗಳ ವಸತಿಗಳಿಗೆ ಕರೆದೊಯ್ಯುವ ಕಾರ್ಯವನ್ನು ಸಂಘಗಳು ಕೈಗೊಳ್ಳಬಹುದು. ಉತ್ತರ ಕರ್ನಾಟಕದ ಮಾತು ಬಲ್ಲ ಹಿರಿಯ ಮಹಿಳೆಯರು ಜೊತೆಯಲ್ಲಿದ್ದರೆ ಇನ್ನೂ ಉತ್ತಮ. ಖರ್ಚು ಅಲ್ಪ, ಫಲ ಅಪಾರ. ಭೇದಿಯಿಂದ ಸೊರಗಬಹುದಾಗಿದ್ದ ಒಂದು ಮಗು ಈ ಮಾತಿನಿಂದ ಆರೋಗ್ಯವಾಗಿ ಉಳಿದರೂ ನಮ್ಮ ಶ್ರಮ ಸಫಲವಾದಂತೆ. ವಾಚಕರು ಈ ದಿಶೆಯಲ್ಲಿ ಆಲೋಚಿಸಿ, ಮುಂದಿನ ಮಳೆಗಾಲ ಬರುವುದಕ್ಕೆ ಮೊದಲೇ ಕಾರ್ಯೋನ್ಮುಖರಾಗಲಿ ಎಂದು ಹಾರೈಸುತ್ತೇನೆ.