ಸ್ಟುಡಿಯೊಗೆ ಗಣಕಯಂತ್ರ: ಬಿಡಿಭಾಗಗಳ ಆಯ್ಕೆ ಮತ್ತು ಬಿಲ್ಲಿನ ಲೆಕ್ಕ

2025ರ ಸೆಪ್ಟೆಂಬರ್ ತಿಂಗಳ ಮಧ್ಯಭಾಗದಲ್ಲಿ ದಾವಣಗೆರೆಯ ನಮ್ಮ ಕಕ್ಷಿದಾರರೊಬ್ಬರು ದರಪಟ್ಟಿಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಮದುವೆ, ಗೃಹಪ್ರವೇಶಗಳ ವಿಡಿಯೊ ಚಿತ್ರೀಕರಣ ಅವರ ಉದ್ಯೋಗ. ಆಯುಧಪೂಜೆಗೆ ಹೊಸ ಗಣಕಯಂತ್ರ ಬರಬೇಕು, ಕಾರ್ತಿಕದ ಮದುವೆಗಳಿಗೆ ಅದು ಸಿದ್ಧವಿರಬೇಕು ಎಂಬುದು ಅವರ ಆಶಯ. ಪಟ್ಟಿಯ ಕೊನೆಯಲ್ಲಿ ಎರಡು ಮೊತ್ತಗಳಿದ್ದವು. ಬಿಲ್ಲು ಸಹಿತ 3,06,800 ರೂಪಾಯಿ. ಪೆನ್ಸಿಲಿನಲ್ಲಿ ಬರೆದದ್ದು 2,70,000.

“ಸಾರ್, ಮೂವತ್ತಾರು ಸಾವಿರ ಉಳಿಯುತ್ತದೆ. ಬಿಲ್ಲು ಬೇಡ ಎನ್ನಲೇ?” ಎಂದರು.

ಬೇಡವೆನ್ನುವ ಮೊದಲು ಲೆಕ್ಕ ನೋಡೋಣ ಎಂದೆ. ಯಂತ್ರದ ಮೂಲ ಬೆಲೆ 2,60,000; ಅದರ ಮೇಲೆ ಶೇ. 18ರ ಸರಕು ಮತ್ತು ಸೇವಾ ತೆರಿಗೆ 46,800. ಇವರು ನೋಂದಾಯಿತ ಸೇವಾದಾರರು. ಗ್ರಾಹಕರಿಂದ ತಾವೂ ಶೇ. 18 ವಸೂಲು ಮಾಡಿ ಕಟ್ಟುತ್ತಾರೆ. ಆದ್ದರಿಂದ ಆ 46,800 ರೂಪಾಯಿ ಹೂಡುವಳಿ ತೆರಿಗೆಯಾಗಿ ಅವರ ಖಾತೆಗೆ ಜಮೆಯಾಗಿ, ಮುಂದಿನ ತೆರಿಗೆಯಲ್ಲಿ ವಜಾ ಆಗುತ್ತದೆ. ಅಂದರೆ ಬಿಲ್ಲಿನ ಯಂತ್ರದ ನಿಜವಾದ ಬೆಲೆ 2,60,000 ಮಾತ್ರ. ಬಿಲ್ಲಿಲ್ಲದ ಯಂತ್ರಕ್ಕೆ 2,70,000. ಉಳಿತಾಯವೆಂದು ಭಾವಿಸಿದ್ದು ಹತ್ತು ಸಾವಿರದ ನಷ್ಟ!

ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಗಣಕಯಂತ್ರದ ಮೇಲೆ ಆದಾಯ ತೆರಿಗೆಯಲ್ಲಿ ಶೇ. 40ರ ಸವಕಳಿ ದೊರೆಯುತ್ತದೆ (ಮೊದಲು ಶೇ. 60 ಇದ್ದದ್ದು 2017–18ರ ಆರ್ಥಿಕ ವರ್ಷದಿಂದ ಇಳಿಯಿತು). ಮೊದಲ ವರ್ಷ 1,04,000, ಎರಡನೆಯ ವರ್ಷ 62,400 ರೂಪಾಯಿ ಲಾಭದಿಂದ ಕಳೆಯಬಹುದು. ಬಿಲ್ಲಿಲ್ಲದಿದ್ದರೆ ಇದಕ್ಕೆ ಆಧಾರವೇ ಇಲ್ಲ. ಒಬ್ಬ ವ್ಯಕ್ತಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟಿದ್ದರೂ ಆ ಮೊತ್ತ ಆಸ್ತಿಯ ಬೆಲೆಗೆ ಸೇರದು. ಇನ್ನು, ವರ್ಷದಲ್ಲಿ 180 ದಿನಗಳಿಗಿಂತ ಕಡಿಮೆ ಬಳಸಿದ ಯಂತ್ರಕ್ಕೆ ಅರ್ಧ ಸವಕಳಿ. ಅಕ್ಟೋಬರ್ ಮೂರನೆಯ ತಾರೀಖು ದಾಟಿದರೆ 52,000 ಮಾತ್ರ. ಆ ವರ್ಷ ಆಯುಧಪೂಜೆ ಬಿದ್ದದ್ದು ಅಕ್ಟೋಬರ್ 1ರಂದು. ಪೂಜೆಯ ದಿನವೇ ಕೆಲಸವನ್ನೂ ಆರಂಭಿಸಿರಿ, ಕುಂಕುಮ ಹಚ್ಚಿ ಮುಚ್ಚಿಡಬೇಡಿರಿ ಎಂದೆ. (ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಹೂಡುವಳಿ ತೆರಿಗೆ ಜಮೆ ಇಲ್ಲ, ಅವರು ತೆರಿಗೆಯನ್ನು ಬೆಲೆಗೆ ಸೇರಿಸಿ ಸವಕಳಿ ಪಡೆಯಬಹುದು.)

ಇಷ್ಟು ನನ್ನ ವೃತ್ತಿಯ ಮಾತು. ಆದರೆ ಪಟ್ಟಿಯನ್ನು ಓದುತ್ತಾ ಹೋದಂತೆ ಇನ್ನೊಂದು ಸಂಶಯ ಬಂತು. ನಾನು ತಂತ್ರಜ್ಞನಲ್ಲ. ಆದರೆ ಹಿಂದೊಮ್ಮೆ ಬೇರೊಬ್ಬ ಕಕ್ಷಿದಾರರು ಬಿಲ್ಲಿಲ್ಲದೆ ತಂದ ಗ್ರಾಫಿಕ್ಸ್ ಕಾರ್ಡ್ ವೈಶಾಖದ ನಡುವೆ ಕೆಟ್ಟು, ಖಾತರಿ ಸಿಗದೆ, ನಾಲ್ಕು ಕುಟುಂಬಗಳಿಗೆ ಮುಂಗಡ ಹಿಂದಿರುಗಿಸಿದ್ದನ್ನು ಅವರ ಖಾತೆಪುಸ್ತಕದಲ್ಲಿ ಕಂಡಂದಿನಿಂದ ಈ ಬಿಡಿಭಾಗಗಳ ಬಗ್ಗೆ ಓದಿಕೊಳ್ಳುತ್ತ ಬಂದಿದ್ದೇನೆ.

ಪಟ್ಟಿಯಲ್ಲಿದ್ದ ಪ್ರೊಸೆಸರ್ ಎಎಂಡಿ ಸಂಸ್ಥೆಯ ರೈಜೆನ್ 7 9800ಎಕ್ಸ್3ಡಿ. ಆಟಗಳಿಗೆ ಅತ್ಯುತ್ತಮವೆಂದು ಹೆಸರಾದದ್ದು, ಏಕೆಂದರೆ ಅದರಲ್ಲಿ 96 ಎಂಬಿ ಮೂರನೆಯ ಹಂತದ ಕ್ಯಾಶ್ ಸ್ಮೃತಿ ಇದೆ. ಆದರೆ ಕೋರ್‌ಗಳು ಎಂಟೇ. ವಿಡಿಯೊ ಸಂಕಲನಕ್ಕೆ ಕ್ಯಾಶ್‌ಗಿಂತ ಕೋರ್‌ಗಳ ಸಂಖ್ಯೆಯೇ ಹೆಚ್ಚು ಉಪಯುಕ್ತ. ಜೊತೆಗೆ ಹಿಂದಿನ ಪೀಳಿಗೆಯ, 40ರ ಸರಣಿಯ, 16 ಜಿಬಿ ಆರ್‌ಟಿಎಕ್ಸ್ ಕಾರ್ಡ್. ಅಂಗಡಿಯಲ್ಲಿ ಉಳಿದ ಸರಕು ಎಂಬುದು ವ್ಯಾಪಾರಿಗಳಿಗೆ ಹೇಳಬೇಕಾಗಿಲ್ಲ.

“ನಿಮ್ಮ ಕ್ಯಾಮೆರಾ ಯಾವ ರೂಪದಲ್ಲಿ ದಾಖಲಿಸುತ್ತದೆ?” ಎಂದು ಕೇಳಿದೆ. ಎಚ್.265, 10 ಬಿಟ್, 4:2:2 ಎಂದರು. ಇಡೀ ಆಯ್ಕೆಯ ಕೀಲಿ ಇಲ್ಲಿದೆ. ಈ ರೂಪದ ಕಡತವನ್ನು ಬಿಡಿಸಿ ತೋರಿಸುವ ಪ್ರತ್ಯೇಕ ಸರ್ಕ್ಯೂಟ್ 40ರ ಸರಣಿಯ ಕಾರ್ಡ್‌ಗಳಲ್ಲಿಲ್ಲ, ಆ ಪ್ರೊಸೆಸರಿನಲ್ಲೂ ಇಲ್ಲ. ಹೊರೆಯೆಲ್ಲ ಎಂಟು ಕೋರ್‌ಗಳ ಮೇಲೆ ಬಿದ್ದು, ಮೂರು ಲಕ್ಷದ ಯಂತ್ರದಲ್ಲಿ ಚಿತ್ರ ತಡವರಿಸುತ್ತದೆ. ಇಂಟೆಲ್ ಪ್ರೊಸೆಸರ್‌ಗಳ ಒಳಗಿನ ಕ್ವಿಕ್ ಸಿಂಕ್ ಸೌಲಭ್ಯಕ್ಕೆ ಈ ಸಾಮರ್ಥ್ಯ ಕೆಲವು ವರ್ಷಗಳಿಂದ ಇದೆ. ಎನ್‌ವಿಡಿಯಾ ಸಂಸ್ಥೆ 2025ರಲ್ಲಿ ತಂದ 50ರ ಸರಣಿಗೆ ಅದನ್ನು ಸೇರಿಸಿತು. ಇಂಟೆಲ್ ಆರಿಸುವವರು ಹೆಸರಿನ ಕೊನೆಯ ಎಫ್ ಅಕ್ಷರವನ್ನು ಗಮನಿಸಬೇಕು. ತುಸು ಅಗ್ಗವಾಗುವ ಆ ಮಾದರಿಯಲ್ಲಿ ಒಳಗಿನ ಗ್ರಾಫಿಕ್ಸ್ ಇರುವುದಿಲ್ಲ, ಅದರೊಡನೆ ಕ್ವಿಕ್ ಸಿಂಕ್ ಕೂಡ ಹೋಗುತ್ತದೆ.

ಕೊನೆಗೆ ಪಟ್ಟಿ ಬದಲಾಯಿತು. ಇಪ್ಪತ್ತು ಕೋರ್‌ಗಳ ಕೋರ್ ಅಲ್ಟ್ರಾ 7 265ಕೆ, 16 ಜಿಬಿಯ ಆರ್‌ಟಿಎಕ್ಸ್ 5070 ಟಿಐ. ಇದರಲ್ಲಿ ಉಳಿದ ಹಣ 32ರ ಬದಲು 64 ಜಿಬಿ ರ‍್ಯಾಮ್‌ಗೆ ಮತ್ತು ಡ್ರೈವ್‌ಗಳಿಗೆ ಹೋಯಿತು. ಒಟ್ಟು ಮೊತ್ತ ಹೆಚ್ಚಲಿಲ್ಲ. ಡಿಡಿಆರ್5 ರ‍್ಯಾಮ್ ಎರಡು ಪಟ್ಟಿಗಳಲ್ಲೇ ಇರಲಿ. ನಾಲ್ಕು ಹಾಕಿದರೆ ವೇಗ ತಗ್ಗುತ್ತದೆ.

ಡ್ರೈವ್ ವಿಷಯದಲ್ಲಿ ಅವರು ಅಷ್ಟು ಯೋಚಿಸಿರಲಿಲ್ಲ. ಪಟ್ಟಿಯಲ್ಲಿದ್ದದ್ದು ಒಂದು ಟಿಬಿಯ ಒಂದೇ ಡ್ರೈವ್. ಸೆಕೆಂಡಿಗೆ 200 ಮೆಗಾಬಿಟ್ ದರದಲ್ಲಿ ಒಂದು ಗಂಟೆಯ ಚಿತ್ರೀಕರಣಕ್ಕೆ 90 ಜಿಬಿ ಬೇಕು. ಎರಡು ಕ್ಯಾಮೆರಾಗಳಲ್ಲಿ ತಲಾ ಐದು ಗಂಟೆ ಎಂದರೆ 900 ಜಿಬಿ. ಒಂದು ಮದುವೆಗೇ ಡ್ರೈವ್ ತುಂಬಿತು! ತಂತ್ರಾಂಶಗಳಿಗೆ ಒಂದು, ನಡೆಯುತ್ತಿರುವ ಕೆಲಸಕ್ಕೆ ಇನ್ನೊಂದು ಎನ್‌ವಿಎಂಇ ಡ್ರೈವ್, ಮುಗಿದ ಕೆಲಸಕ್ಕೆ ದೊಡ್ಡ ಹಾರ್ಡ್ ಡಿಸ್ಕ್ ಎರಡು, ಅವುಗಳಲ್ಲೊಂದು ಮನೆಯಲ್ಲಿ ಎಂದು ತೀರ್ಮಾನವಾಯಿತು. ತಾಳಿ ಕಟ್ಟುವ ಗಳಿಗೆಯನ್ನು ಎರಡನೆಯ ಸಲ ಚಿತ್ರೀಕರಿಸಲಾಗದಷ್ಟೆ.

ಯುಪಿಎಸ್ ಬಗ್ಗೆಯೂ ಒಂದು ಮಾತು. ಒಳ್ಳೆಯ ಪವರ್ ಸಪ್ಲೈಗಳು ಶುದ್ಧ ಸೈನ್ ತರಂಗದ ವಿದ್ಯುತ್ತನ್ನು ಬಯಸುತ್ತವೆ. ಚೌಕ ತರಂಗದ ಅಗ್ಗದ ಯುಪಿಎಸ್‌ಗೆ ಹಚ್ಚಿದರೆ ಕರೆಂಟು ಹೋದ ಕ್ಷಣದಲ್ಲೇ ಯಂತ್ರ ಆರಿಹೋಗಬಹುದು.

ಮಾನಿಟರ್ ವಿಚಾರದಲ್ಲಿ ಅವರ ಮಗನ ಪಾತ್ರವಿತ್ತು. ಪಟ್ಟಿಯಲ್ಲಿದ್ದದ್ದು ಆಟಕ್ಕೆ ಹೇಳಿ ಮಾಡಿಸಿದ 240 ಹರ್ಟ್ಸ್ ಪರದೆ. ರೇಷ್ಮೆ ಸೀರೆಯ ಬಣ್ಣ ಕಂಡಂತೆಯೇ ಮೂಡಬೇಕಾದವರಿಗೆ ಬಣ್ಣ ನಿಷ್ಠವಾಗಿರುವ 4ಕೆ ಪರದೆಯೇ ಬೇಕು. ಹುಡುಗ ಮುಖ ಸಣ್ಣದು ಮಾಡಿದ. ರಾತ್ರಿ ಆಡಿಕೊಳ್ಳಲಿ ಎಂದು ತಂದೆ ಹೇಳಿದಾಗ, ಸ್ವಂತ ಬಳಕೆಯ ಪ್ರಮಾಣಕ್ಕೆ ತೆರಿಗೆ ಜಮೆಯನ್ನೂ ಸವಕಳಿಯನ್ನೂ ಬಿಟ್ಟುಕೊಡಬೇಕಾಗುತ್ತದೆ ಎಂದು ನಾನು ನೆನಪಿಸಬೇಕಾಯಿತು. ಲೆಕ್ಕಪರಿಶೋಧಕರನ್ನು ಮಕ್ಕಳು ಮೆಚ್ಚುವುದು ಕಡಿಮೆ.

ಬಿಲ್ಲಿನಲ್ಲಿ ನಮ್ಮ ಜಿಎಸ್‌ಟಿ ಸಂಖ್ಯೆಯೊಡನೆ ಪ್ರತಿ ಬಿಡಿಭಾಗದ ಕ್ರಮಸಂಖ್ಯೆಯನ್ನೂ ಬರೆಸಿದೆವು. ಖಾತರಿ ಕೇಳುವಾಗ ಅದೇ ಸಾಕ್ಷಿ. ಹೊರದೇಶದಿಂದ ಅಡ್ಡದಾರಿಯಲ್ಲಿ ಬಂದ ಸರಕಿಗೆ ಇಲ್ಲಿ ಖಾತರಿ ಸಿಗುವುದು ಕಷ್ಟ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಹಲವು ಪ್ರೊಸೆಸರ್‌ಗಳಲ್ಲಿ ವೋಲ್ಟೇಜ್ ದೋಷ ಕಂಡುಬಂದು ಸಂಸ್ಥೆ ಖಾತರಿಯನ್ನು ಎರಡು ವರ್ಷ ವಿಸ್ತರಿಸಿತಲ್ಲವೆ? ಡಬ್ಬಿಯೂ ಬಿಲ್ಲೂ ಇಟ್ಟುಕೊಂಡವರಿಗೆ ಅದನ್ನು ಪಡೆಯುವುದು ಸುಲಭವಾಯಿತು.

ಹಣವನ್ನು ಬ್ಯಾಂಕಿನ ಮೂಲಕವೇ ಕಳುಹಿಸಲಾಯಿತು. ಅಕ್ಟೋಬರ್ ಮಧ್ಯದಲ್ಲಿ ಜಿಎಸ್‌ಟಿಆರ್-2ಬಿ ತಃಖ್ತೆಯಲ್ಲಿ ಬಿಲ್ಲು ಕಾಣಿಸಿದ ಮೇಲೆಯೇ ಜಮೆ ಪಡೆದೆವು. ಮಾರಾಟಗಾರ ವಿವರ ಸಲ್ಲಿಸದಿದ್ದರೆ ಕೈಯಲ್ಲಿರುವ ಬಿಲ್ಲು ಮಾತ್ರ ಸಾಲದು. ಅಷ್ಟರಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ರ‍್ಯಾಮ್ ಬೆಲೆ ಏರತೊಡಗಿತ್ತು. ಡಿಸೆಂಬರಿನಲ್ಲಿ ಮೈಕ್ರಾನ್ ಸಂಸ್ಥೆ ಕ್ರೂಷಿಯಲ್ ಹೆಸರಿನ ತನ್ನ ಗ್ರಾಹಕ ಮಾರಾಟವನ್ನೇ ಕೈಬಿಡುವುದಾಗಿ ಪ್ರಕಟಿಸಿತು. ಅದೇ ತಿಂಗಳು ನಮ್ಮ ಕಕ್ಷಿದಾರರು ಇನ್ನೊಂದು ಯಂತ್ರಕ್ಕೆ ದರ ಕೇಳಿ ಬಂದರು. ರ‍್ಯಾಮ್‌ನ ಸಾಲಿನ ಮೇಲೆ ಬೆರಳಿಟ್ಟು, “ಇದು ತಪ್ಪಚ್ಚಾಗಿದೆಯೇ ಸಾರ್?” ಎಂದು ಕೇಳಿದರು. ತಪ್ಪಚ್ಚಾಗಿರಲಿಲ್ಲ.